ಹಿಂದಕ್ಕೆ ಹರಿದ ನೀರು

ಮಾರ್ಚ್ 3, ಭಾನುವಾರ

ಮೂರನೇ ಪೈಪೂ ಕೆಲಸಕ್ಕೆ ಬರಲಿಲ್ಲ. ಅಗಲ ಜಾಸ್ತಿ. ಗುಳ್ಳೆಗಳು ನೀರನ್ನು ಎತ್ತುವುದು ಬಿಟ್ಟು ನಡುವೆ ನುಸುಳಿಕೊಂಡು ತಾವಷ್ಟೇ ಮೇಲೆ ಹೋಗುತ್ತವೆ — ಕ್ಯೂ ತಪ್ಪಿಸಿ ಕೌಂಟರಿಗೆ ನುಗ್ಗುವವರ ಹಾಗೆ. ಇನ್ನೂ ಸಣ್ಣದು ತರಬೇಕು. ಹೆಬ್ಬೆರಳು ತೂರದಷ್ಟು.

ಬಾಲ್ಕನಿ ತುಂಬ ಪೈಪಿನ ತುಂಡು, ಬಿಳಿ ಪುಡಿ. ಗುಡಿಸಿದಷ್ಟೂ ಬರುತ್ತದೆ.

ಅಕ್ಕನ ಮಗಳು ಪುಟ್ಟಿ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಅವಳ ಅಪ್ಪನ ಮೀನಿನ ತೊಟ್ಟಿಗೆ ನಾನು ಫಿಲ್ಟರ್ ಕಟ್ಟುತ್ತಿದ್ದೇನೆಂದು ಅಕ್ಕ ಆಗಲೇ ಡಂಗುರ ಹೊಡೆದಿದ್ದಾಳೆ. "ಮೋಟಾರ್ ಇಲ್ದೆ ನೀರು ಹೇಗೆ ಮೇಲೆ ಹತ್ತುತ್ತೆ ಚಿಕ್ಕಮ್ಮ?" ಎಂದಳು. ಜ್ಯೂಸ್ ಮುಗಿಯುವ ಹೊತ್ತಿಗೆ ಸ್ಟ್ರಾದಲ್ಲಿ ಗೊರಗೊರ ಎಂದು ಗಾಳಿಯ ಜೊತೆ ಜ್ಯೂಸೂ ಏರಿ ಬರುತ್ತದಲ್ಲ, ಹಾಗೆ ಎಂದೆ. ನೀರಿನಲ್ಲಿ ನಿಂತ ಪೈಪು. ತಳಕ್ಕೆ ಹೊರಗಿನ ಗಾಳಿ ಪಂಪಿನಿಂದ ಸಣ್ಣ ಟ್ಯೂಬಿನಲ್ಲಿ ಗಾಳಿ. ಗಾಳಿ ಏರುತ್ತಾ ನೀರನ್ನೂ ಹೊತ್ತುಕೊಂಡು ಹೋಗುತ್ತದೆ, ಮೇಲೆ ಮೊಣಕೈ ತಿರುವಿನಲ್ಲಿ ಸ್ಪಂಜಿನ ಡಬ್ಬಿಗೆ ಸುರಿಯುತ್ತದೆ. ಅಷ್ಟೇ. ನೀರಿನೊಳಗೆ ಕಿರ್ ಎನ್ನುವ ಚಕ್ರವಿಲ್ಲ, ಸುಡುವ ವೈರಿಲ್ಲ.

"ನೀವು ಮಾಡಿದ್ರೆ ಬಿಡಿ, ಕೆಡಲ್ಲ" ಎಂದಳು.

ಖುಷಿಯಾಯಿತು. ಬರೆದುಕೊಳ್ಳುವುದಕ್ಕೇನು ನಾಚಿಕೆ.


ಮಾರ್ಚ್ 6, ಬುಧವಾರ. ಊಟದ ಬಿಡುವು

ಗುಳ್ಳೆ ಸಣ್ಣದಾಗಬೇಕು. ದೊಡ್ಡ ಗುಳ್ಳೆ ತೇಗಿದ ಹಾಗೆ ಬರುತ್ತದೆ, ಸಣ್ಣ ಗುಳ್ಳೆ ಉಸಿರಾಡಿದ ಹಾಗೆ. ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ರೇಮಿಲ್ಲದ ಕನ್ನಡಕದ ಗಾಜಿಗೆ ತೂತು ಕೊರೆಯುವ ಡ್ರಿಲ್ ಬಿಟ್ ಇದೆ. ಸವೆದದ್ದು ಎಂದು ತೆಗೆದಿಟ್ಟಿದ್ದೆ. ಅದರಲ್ಲೇ ಪೈಪಿನ ಬುಡದ ಸುತ್ತ ತೂತು ಕೊರೆದೆ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಮಾಲೀಕರು ಕಿಂಡಿಯಿಂದ ಇಣುಕಿದರು. "ಏನಮ್ಮ ಅದು, ಆನೆಗೆ ಕನ್ನಡಕಾನಾ?"

"ಭಾವನ ಮೀನಿಗೆ ಸಾರ್."

"ಮೀನಿಗೂ ದೃಷ್ಟಿದೋಷ ಬಂತಾ!" ತಮ್ಮ ಜೋಕಿಗೆ ತಾವೇ ನಗುತ್ತಾ ಹೋದರು. ಒಳ್ಳೆಯ ಮನುಷ್ಯ.

ಮೊದಲು ನನ್ನ ಬಾಲ್ಕನಿಯ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಪೈಪಿನ ಮೊಣಕೈ ನೀರಿನ ಮಟ್ಟಕ್ಕೇ ಇರಬೇಕು. ಮೇಲೆ ಹೋದಷ್ಟೂ ಗಾಳಿಗೆ ಭಾರ.


ಮಾರ್ಚ್ 9, ಶನಿವಾರ

ಅಕ್ಕನ ಮನೆಯಲ್ಲಿ ಕೂರಿಸಿ ಬಂದೆ.

ತೊಟ್ಟಿ ಇರುವುದು ಹಾಲಿನಲ್ಲಿ, ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕ. ಗೋಲ್ಡ್‌ಫಿಶ್ ನಾಲ್ಕು. ದಪ್ಪದ್ದಕ್ಕೆ ಭಾವ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದಾರೆ. ಅದು ಬಂದರೆ ಉಳಿದವು ಸರಿದು ನಿಲ್ಲುತ್ತವೆ. ಶಾಲೆಯ ವ್ಯಾನ್ ಓಡಿಸುವವರು, ಅವರಿಗೆ ಹೊಳೆಯುವುದೆಲ್ಲ ಶಾಲೆಯ ಹೆಸರೇ. ನನಗೆ ಗುಂಡುಸೂಜಿ ಎನ್ನುತ್ತಾರೆ. ಎಲ್ಲದಕ್ಕೂ ಮೊನಚು, ಎಲ್ಲವೂ ನೆಟ್ಟಗೆ. ಅವರದ್ದು ಅದಕ್ಕೆ ತದ್ವಿರುದ್ಧ. ಕೈಯಲ್ಲ, ಜಾರುಬಂಡಿ. ಹೆಣ್ಣು ನೋಡಲು ಮೊದಲ ಸಲ ಮನೆಗೆ ಬಂದಾಗ ಕಾಫಿ ಲೋಟವನ್ನು ಚಿಕ್ಕವಳಾಗಿದ್ದ ನನ್ನ ಮಡಿಲಿಗೇ ಬೀಳಿಸಿದವರು. ಆ ಕಥೆ ಹೇಳದೆ ನಮ್ಮ ಮನೆಯಲ್ಲಿ ಯಾರೂ ಊಟ ಮುಗಿಸಿದ್ದಿಲ್ಲ.

ಗಾಳಿಯ ಪಂಪನ್ನು ಬೀರುವಿನ ಮೇಲೆ, ತೊಟ್ಟಿಗಿಂತ ಎತ್ತರದಲ್ಲಿ ಇಡಬೇಕೆಂದಿದ್ದೆ. ಅಕ್ಕ ಒಪ್ಪಲಿಲ್ಲ. "ಗುಂಯ್ ಅಂತ ನೇರ ಕಿವಿಗೇ ಬಡಿಯುತ್ತೆ ಕಣೇ. ಕೆಳಗಿಡು." ತೊಟ್ಟಿಯ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಸ್ಪಂಜಿನ ಮೇಲೆ ಇಟ್ಟೆ. ಟ್ಯೂಬಿಗೆ ಒಂದೇ ದಿಕ್ಕಿನ ವಾಲ್ವ್ ಹಾಕಿದೆ — ಗಾಳಿ ಒಳಗೆ ಹೋಗಬಹುದು, ನೀರು ಹಿಂದೆ ಬರಬಾರದು. ಆದರೆ ವಾಲ್ವ್ ಬಿಗಿ. ಪೈಪು ಒಂದು ಗುಟುಕು ಸುರಿಸುತ್ತದೆ, ನಿಲ್ಲುತ್ತದೆ. ಮತ್ತೊಂದು ಗುಟುಕು.

"ಇದೇನೇ, ಬಿಕ್ಕಳಿಸ್ತಿದೆ? ಒಂದು ಲೋಟ ನೀರು ಕುಡಿಸು" ಎಂದಳು ಅಕ್ಕ.

ಭಾವ ನಕ್ಕರು. ನನಗೆ ನಗು ಬರಲಿಲ್ಲ. ವಾಲ್ವ್ ಕಿತ್ತೆ. ತಕ್ಷಣ ನೀರು ರಿಬ್ಬನ್ ಬಿಚ್ಚಿದ ಹಾಗೆ ಸುರಿಯತೊಡಗಿತು. ಸದ್ದೂ ಚೆನ್ನ. ಭಾವ ಚಪ್ಪಾಳೆಯನ್ನೇ ತಟ್ಟಿದರು. "ನೋಡೇ, ನಿನ್ನ ತಂಗಿ ಇಂಜಿನಿಯರ್ ಆಗ್ಬೇಕಿತ್ತು!"

ವಾಲ್ವ್ ಪರ್ಸಿನಲ್ಲಿ ಹಾಕಿಕೊಂಡೆ. ಪಂಪು ಕೆಳಗಿರುವಾಗ ಅದು ಬೇಕು. ಕರೆಂಟು ಹೋದರೆ ತೊಟ್ಟಿಯ ನೀರು ಟ್ಯೂಬು ಹಿಡಿದು ಕೆಳಗಿಳಿಯಬಹುದು. ಗೊತ್ತು. ಹತ್ತರಲ್ಲಿ ಒಂಬತ್ತು ಸಲ ಇಳಿಯುವುದಿಲ್ಲ, ಅದೂ ಗೊತ್ತು. ಮುಂದಿನ ವಾರ ಸಡಿಲವಾದದ್ದು ಸಿಕ್ಕಿದರೆ ಹಾಕಿದರಾಯಿತು.


ಮಾರ್ಚ್ 11, ಸೋಮವಾರ. ಸಂಜೆ

ಅಕ್ಕ ಬಿದ್ದಳು. ಬಲಗೈ ಮಣಿಕಟ್ಟು. ಎರಡು ಕಡೆ ಮುರಿದಿದೆ. ಪ್ಲೇಟ್ ಹಾಕಬೇಕಂತೆ.

ಬೆಳಿಗ್ಗೆ ಭಾವನ ಫೋನು. ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ. "ನೀರು... ನೆಲದಲ್ಲಿ ನೀರಿತ್ತು ಕಣಮ್ಮ... ಜಾರಿ..." ಪರದೆಯ ಆರ್ಡರ್ ಇದೆಯೆಂದು ಬೇಗ ಎದ್ದು ಮಿಷನ್ ಹತ್ತಿರ ಹೋಗಿದ್ದಾಳೆ. ಲೈಟ್ ಹಾಕುವ ಮೊದಲೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಭಾವ ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಾ ಕೂತಿದ್ದರು. ನಿನ್ನೆ ಸಂಜೆ ತೊಟ್ಟಿಯ ನೀರು ಬದಲಾಯಿಸಿದ್ದು ಅವರೇ. ಬಕೆಟ್‌ನಲ್ಲಿ. "ಒರೆಸಿದ್ದೆ ಅನ್ಸುತ್ತೆ."

ಸ್ಟ್ರೆಚರಿನ ಮೇಲಿಂದ ಅಕ್ಕ: "ಅನ್ಸುತ್ತೆ! ಕೇಳಿಸ್ಕೊಂಡ್ಯಾ? ಅನ್ಸುತ್ತಂತೆ!"

ಬಟ್ಟೆಬರೆ ತರಲು ನನ್ನನ್ನು ಮನೆಗೆ ಕಳಿಸಿದರು.

ಬೀಗ ತೆಗೆದೆ. ಹಾಲಿನ ನೆಲ ಇನ್ನೂ ಒದ್ದೆ. ಬಕೆಟ್ ಇಟ್ಟಿದ್ದ ಬಾಗಿಲ ಕಡೆ ಅಲ್ಲ. ಕೆಳಗಿನ ಅರೆಯಿಂದ ಮಿಷನ್ನಿನ ಕಾಲಿನವರೆಗೆ. ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿದೆ. ಪಂಪು ಓಡುತ್ತಿತ್ತು, ಆದರೆ ಕೆಮ್ಮಿಕೊಂಡು. ಟ್ಯೂಬಿನೊಳಗೆ ಹನಿಗಳ ಸಾಲು. ಮೇಜಿನ ಮೇಲಿನ ಕರೆಂಟಿನ ಗಡಿಯಾರ ಸೊನ್ನೆ ಸೊನ್ನೆ ಎಂದು ಮಿಟುಕಿಸುತ್ತಿತ್ತು. ಕರೆಂಟು ಹೋಗಿ ಬಂದಿದೆ.

ಹತ್ತರಲ್ಲಿ ಆ ಒಂದು ಸಲ.

ಆಮೇಲೆ ಮಾಡಿದ್ದನ್ನು ಬರೆಯುತ್ತೇನೆ. ನೆಲ ಒರೆಸಿದೆ. ಪಂಪು ಬಿಚ್ಚಿ ಒಣಗಿಸಿದೆ. ಪರ್ಸಿನಿಂದ ವಾಲ್ವ್ ತೆಗೆದು ಟ್ಯೂಬಿಗೆ ಹಾಕಿದೆ. ತೊಟ್ಟಿಗೆ ನೀರು ತುಂಬಿದೆ. ಗಡಿಯಾರ ಸರಿಮಾಡಿದೆ. ಗಡಿಯಾರವನ್ನು ಯಾಕೆ ಸರಿಮಾಡಿದೆ? ಅದನ್ನು ಮಾಡಲು ಯಾರೂ ಹೇಳಿರಲಿಲ್ಲ.

ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. "ನೆಲಾನೂ ಒರೆಸಿ ಬಂದ್ಯಾ? ನೀನಿಲ್ದಿದ್ರೆ ಏನು ಗತಿ ನಮಗೆ" ಎಂದಳು ಅಕ್ಕ.


ಮಾರ್ಚ್ 12

ಆಪರೇಷನ್ ಆಯಿತು. ಹೇಳಲಿಲ್ಲ. ಆಸ್ಪತ್ರೆಯಲ್ಲಿ ಹೇಳುವ ಮಾತೇ ಅದು?


ಮಾರ್ಚ್ 17, ಭಾನುವಾರ

ಅಕ್ಕ ಮನೆಗೆ ಬಂದಿದ್ದಾಳೆ. ಮನೆಯಲ್ಲಿ ಹೇಳಬಹುದಿತ್ತು.

ಅವಳು ಭಾವನ ಜೊತೆ ಮಾತಾಡುತ್ತಿಲ್ಲ. ಇಬ್ಬರೂ ಒಂದೇ ಸೋಫಾದ ಎರಡು ತುದಿ. "ಹೇಳು ನಿಮ್ಮ ಭಾವನಿಗೆ, ಕಿಟಕಿ ಹಾಕ್ಲಿ." "ಕೇಳು ನಿಮ್ಮ ಭಾವನ್ನ, ಮಾತ್ರೆ ತಂದ್ರಾ." ನಾನು ಮಧ್ಯದಲ್ಲಿ ಪೋಸ್ಟ್‌ಮ್ಯಾನ್. ಹೊಲಿದು ಮುಗಿಯದ ಪರದೆಗಳನ್ನು ಗಿರಾಕಿ ಬಂದು ಹಾಗೇ ವಾಪಸ್ ಒಯ್ದರಂತೆ. ಅಕ್ಕನಿಗೆ ಕೈನೋವಿಗಿಂತ ಅದರ ನೋವೇ ಹೆಚ್ಚು. ಅರ್ಧಕ್ಕೆ ಬಿಟ್ಟ ಹೊಲಿಗೆ ಅವಳ ಜನ್ಮದಲ್ಲೇ ಇಲ್ಲ.

ಪುಟ್ಟಿ ಬಂದಿದ್ದಾಳೆ. ನರ್ಸಿಂಗ್ ಓದುವವಳು, ಅಮ್ಮನ ಎಕ್ಸ್‌ರೇ ನೋಡಿ ಅಳು ನುಂಗಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ಅಪ್ಪನ ಮೇಲೆ ತಿರುಗಿಬಿದ್ದಳು.

"ಒಂದು ಬಟ್ಟೆ ತಗೊಂಡು ಒರೆಸೋದು ಅಷ್ಟು ಕಷ್ಟಾನಾ ಅಪ್ಪ? ನೀವು ಬೀಳ್ಸಿದ್ದಕ್ಕೆಲ್ಲ ಇಷ್ಟು ವರ್ಷ ನಕ್ಕೊಂಡೇ ಬಂದ್ವಲ್ಲ, ಅದೇ ತಪ್ಪಾಯ್ತು."

ಭಾವ ಕೈಯಲ್ಲಿದ್ದ ತಟ್ಟೆಯನ್ನು ಬಹಳ ನಿಧಾನವಾಗಿ ಕಟ್ಟೆಯ ಮೇಲಿಟ್ಟರು. ಗಾಜಲ್ಲ, ಸ್ಟೀಲಿನ ತಟ್ಟೆ.

ನಾನು ಪಕ್ಕದಲ್ಲೇ ಲೋಟ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ, ಸದ್ದು ಜಾಸ್ತಿಯಾಗಲಿ ಎಂದು.

ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ಕೋತಿ ಒರೆಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮೇಕೆಯೇ ಬಂದು ಮೂತಿ ಒಡ್ಡಿತು.


ಮಾರ್ಚ್ 21, ಗುರುವಾರ

ಮಧ್ಯಾಹ್ನ ಭಾವ ಅಂಗಡಿಗೆ ಬಂದರು. ಕಣ್ಣು ಪರೀಕ್ಷೆ ಮಾಡಿಸಬೇಕಂತೆ.

"ನೆಲದ ಮೇಲಿನ ನೀರು ನನಗೆ ಕಾಣಿಸ್ತಿಲ್ವೇನೋ."

ಮಾಲೀಕರು ಕೂರಿಸಿ ನೋಡಿದರು. ಕಣ್ಣು ಚೆನ್ನಾಗಿದೆ. ದೂರದ್ದು ಹದಿಹರೆಯದವರ ಹಾಗಿದೆ. ಅದನ್ನು ಕೇಳಿ ಬೇರೆಯವರಾದರೆ ಹಿಗ್ಗುತ್ತಿದ್ದರು. ಭಾವನ ಮುಖ ಇನ್ನಷ್ಟು ಇಳಿಯಿತು.

ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. "ಕಣ್ಣಲ್ಲ ಅಂದ್ರೆ ಇದು" ಎಂದು ತಲೆ ಮುಟ್ಟಿ ತೋರಿಸಿದರು. "ಗುಂಡುಸೂಜಿ, ನಿನಗೊಬ್ಬಳಿಗೇ ಹೇಳ್ತಿದೀನಿ. ನಾನು ಒರೆಸಿದ್ದು ನನಗೆ ನೆನಪಿದೆ. ಹಳೇ ಹಸಿರು ಟವೆಲ್. ಮಂಡಿ ಊರಿ ಒರೆಸಿದೆ. ಹಿಂಡಿ ಒಣಗೋಕೆ ಹಾಕ್ದೆ. ಹಾಗಿದ್ರೆ ನೀರೆಲ್ಲಿಂದ ಬಂತು? ಅಂದ್ರೆ ಅದು ಬೇರೆ ದಿನದ್ದು. ನನ್ನ ತಲೇಲಿ ದಿನಗಳು ಕಲಸಿಹೋಗ್ತಿವೆ."

ಅವರ ಅಪ್ಪನಿಗೂ ಹೀಗೇ ಶುರುವಾಗಿತ್ತಂತೆ. ಮಾಡದ್ದನ್ನು ಮಾಡಿದೆ ಎನ್ನುತ್ತಿದ್ದರಂತೆ. ಕೊನೆಗೆ ಮಗನನ್ನೇ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರಂತೆ.

"ವ್ಯಾನ್ ತುಂಬ ಮಕ್ಕಳಿರ್ತಾವೆ ಕಣಮ್ಮ" ಎಂದರು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಏನು? "ಸೆಖೆ ಇದ್ದಾಗ ನೆಲ ಬೆವರುತ್ತೆ ಭಾವ. ಗಾಜಿನ ತೊಟ್ಟಿ ಇರೋ ಕಡೆ ಜಾಸ್ತಿ. ನಿಮ್ಮ ತಪ್ಪಿಲ್ಲ."

ಅವರ ಮುಖ ಅರಳಿತು. "ಹೌದಾ? ನಿಜವಾಗ್ಲೂ?"

"ನಿಜ" ಎಂದೆ.


ಮಾರ್ಚ್ 22

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಬರೆಗೆ ನಾನು ಮುಲಾಮು ಹಚ್ಚಲು ಹೋಗಿ ಉಪ್ಪು ಹಚ್ಚಿದೆ.

ಭಾವ ನಿನ್ನೆ ಮನೆಗೆ ಹೋಗಿ ನೆಲ ಬೆವರುವ ವಿಷಯ ಹೇಳಿದ್ದಾರೆ. ಅಕ್ಕ ಇಂದು ನನಗೆ ಫೋನ್ ಮಾಡಿ ಕೂಗಾಡಿದಳು. "ನೆಲ ಬೆವರ್ತಂತೆ! ಬಕೆಟ್ ನೀರಿನಷ್ಟು! ತಪ್ಪು ಒಪ್ಕೊಂಡಿದ್ರೆ ಒಂದು ಮರ್ಯಾದೆ ಇರ್ತಿತ್ತು. ಈಗ ಸುಳ್ಳೂ ಕಲಿತಿದ್ದಾರೆ. ನೀನೇ ಹೇಳಿದೆ ಅಂತ ನಿನ್ನ ಹೆಸರು ಬೇರೆ ಹಾಕಿದ್ರು. ನಾನು ನಂಬ್ತೀನಾ?"

"ನಾನೇ..." ಎಂದೆ.

"ನೀನು ಅವರ ಪರ ಮಾತಾಡಬೇಡ" ಎಂದು ಫೋನ್ ಇಟ್ಟಳು.

ನನ್ನ ಬಾಲ್ಕನಿಯ ತೊಟ್ಟಿಯ ಪಂಪು ಆರಿಸಿಬಿಟ್ಟೆ. ಆ ಸದ್ದು ಕೇಳಲಾಗುತ್ತಿಲ್ಲ. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಮತ್ತೆ ಹಾಕಿದೆ.


ಮಾರ್ಚ್ 29, ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಅಕ್ಕನ ಮನೆಗೂ ಹೋಗಲಿಲ್ಲ. ಕೆಲಸ ಜಾಸ್ತಿ ಎಂದೆ. ಸುಳ್ಳು. ಒಂದು ಜೊತೆ ಗಾಜಿನಲ್ಲಿ ಎಡಬಲ ಅದಲುಬದಲು ಮಾಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಮಾಲೀಕರು ಬೈಯಲಿಲ್ಲ. "ಅಕ್ಕನ ಚಿಂತೆ ಇರತ್ತೆ ಪಾಪ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಪುಟ್ಟಿಯ ಫೋನು. ದನಿ ಬೇರೆಯೇ ಆಗಿತ್ತು.

"ಚಿಕ್ಕಮ್ಮ, ಅಪ್ಪ ಶಾಲೆಗೆ ಹೋಗಿ ಕೆಲಸ ಬಿಡ್ತೀನಿ ಅಂದಿದ್ದಾರೆ. ಸೋಮವಾರದಿಂದ ವ್ಯಾನ್ ಮುಟ್ಟಲ್ವಂತೆ. ಬೇರೆಯವರನ್ನ ನೋಡ್ಕೊಳ್ಳಿ ಅಂದ್ರಂತೆ. ಮೀನುಗಳನ್ನೂ ಯಾರಿಗಾದ್ರೂ ಕೊಟ್ಬಿಡ್ತಾರಂತೆ. ನಾನು ಅವತ್ತು ಹಾಗೆ ಅನ್ನಬಾರದಿತ್ತು... ನಾನು ಅಂದಿದ್ದಕ್ಕೇ ಇದೆಲ್ಲ..."

ಈಗ ಮೇಕೆಯ ಮರಿಯೂ ಮೂತಿ ಒಡ್ಡುತ್ತಿದೆ.

"ನಿನ್ನಿಂದ ಅಲ್ಲ" ಎಂದೆ. "ಮತ್ತೆ ಯಾರಿಂದ?" ಎಂದಳು. ಸುಮ್ಮನೆ ಕೇಳಿದ್ದು. ಉತ್ತರಕ್ಕೆ ಕಾಯಲೂ ಇಲ್ಲ.


ಮಾರ್ಚ್ 30, ಶನಿವಾರ

ಹೇಳುವುದನ್ನು ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆ ಅಲ್ಲ, ಅಷ್ಟು ಧೈರ್ಯವಿಲ್ಲ. ಪಾತ್ರೆ ತೊಳೆಯುತ್ತಾ. "ಅಕ್ಕ, ಒಂದು ವಿಷಯ." "ಅಕ್ಕ, ಕೋಪ ಮಾಡ್ಕೋಬೇಡ." "ಭಾವ, ತಮಾಷೆ ಗೊತ್ತಾ..." ಛೇ.

ಯಾವುದಕ್ಕೆ ಹೆದರುತ್ತಿದ್ದೇನೆ? ಅಕ್ಕ ಹೊಡೆಯುವುದಿಲ್ಲ. ವಾಲ್ವ್ ಕಿತ್ತದ್ದು ಯಾರಿಂದಲಾದರೂ ಆಗುವ ತಪ್ಪು. ಆದರೆ ನನ್ನಿಂದ ಆಗುವ ತಪ್ಪಲ್ಲ. ಅದೇ. ಆ ಮನೆಯಲ್ಲಿ ಬೀಳಿಸುವವರು ಅವರು, ಎತ್ತಿಡುವವಳು ನಾನು. ಆ ಒಂದು ಕುರ್ಚಿ ಬಿಟ್ಟುಕೊಡಲಾರದೆ ಒಬ್ಬ ಮನುಷ್ಯನ ತಲೆಯನ್ನೇ ಕೆಡಿಸುತ್ತಿದ್ದೇನೆ.

ನಾಳೆ.


ಮಾರ್ಚ್ 31, ಭಾನುವಾರ

ಮಧ್ಯಾಹ್ನ ಹೋದೆ. ಇಬ್ಬರೂ ಹಾಲಿನಲ್ಲಿ. ಅಕ್ಕ ಎಡಗೈಯಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು, ಬಲಗೈ ಜೋಲಿಯಲ್ಲಿ. ಭಾವ ಮೀನುಗಳನ್ನು ಒಯ್ಯಲು ಬಕೆಟ್ ತೊಳೆದಿಟ್ಟಿದ್ದರು.

ಕಲಿತ ಮಾತೆಲ್ಲ ಮರೆತುಹೋಯಿತು. "ಒಂದು ನಿಮಿಷ, ಇಲ್ಲಿ ನೋಡಿ" ಎಂದು ತೊಟ್ಟಿಯ ಮುಂದೆ ಕೂತೆ. ಟ್ಯೂಬಿನಿಂದ ವಾಲ್ವ್ ಕಿತ್ತೆ. ಟ್ಯೂಬನ್ನು ಮತ್ತೆ ಪಂಪಿಗೆ ಸಿಕ್ಕಿಸಿದೆ. ಸ್ವಿಚ್ ಆರಿಸಿದೆ.

ಗುಳ್ಳೆ ನಿಂತಿತು. ಟ್ಯೂಬಿನೊಳಗೆ ನೀರು ಏರಿತು, ತೊಟ್ಟಿಯ ಅಂಚಿನ ಕೆಳಗೆ ಬಂದು ನಿಂತಿತು. ಅಲ್ಲೇ ನಿಂತಿತು.

"ಏನು ನೋಡ್ಬೇಕು?" ಎಂದಳು ಅಕ್ಕ.

ಏನೂ ಆಗಲಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನೂ ಬರೆಯುತ್ತೇನೆ: 'ಏನಿಲ್ಲ, ಪಂಪು ಚೆಕ್ ಮಾಡ್ತಿದ್ದೆ' ಎಂದು ಎದ್ದುಬಿಡಬಹುದು. ಎದ್ದುಬಿಡು. ನಿಜವಾಗಿ ಮಂಡಿ ಎತ್ತಿದ್ದೆ ಕೂಡ.

ಭಾವ ಬಂದು ಪಕ್ಕದಲ್ಲಿ ಬಗ್ಗಿದರು. "ಏನಾಯ್ತು, ಕೆಟ್ಟಿದೆಯಾ? ಪಾಪ, ಇನ್ನು ಅದು ಯಾಕೆ ಬಿಡು. ಸುಮ್ನೆ ಶ್ರಮ ಪಡಬೇಡ."

ಸ್ವಿಚ್ ಹಾಕಿದೆ. ಮತ್ತೆ ಆರಿಸಿದೆ. ಈ ಸಲ ಪಂಪಿನ ಕೊನೆಯ ಎಳೆತಕ್ಕೆ ನೀರು ಅಂಚು ಹತ್ತಿತು, ದಾಟಿತು, ಟ್ಯೂಬಿನಲ್ಲಿ ಹಾವಿನ ಹಾಗೆ ಇಳಿಯಿತು. ಪಂಪಿನೊಳಗೆ ಹೋಯಿತು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಪಂಪಿನ ಹೊಟ್ಟೆಯಿಂದ ಒಂದು ಹನಿ. ಇನ್ನೊಂದು. ಅರೆಯ ಅಂಚು ದಾಟಿ ನೆಲಕ್ಕೆ. ನೆಲದಿಂದ ಮಿಷನ್ನಿನ ಕಾಲಿನ ಕಡೆಗೆ, ಯಾರೋ ದಾರಿ ಹೇಳಿಕೊಟ್ಟ ಹಾಗೆ.

"ಅವತ್ತು ಬೆಳಗಿನ ಜಾವ ಕರೆಂಟು ಹೋಗಿತ್ತು" ಎಂದೆ. "ಈ ವಾಲ್ವ್ ಇದ್ದಿದ್ರೆ ಇಳೀತಿರಲಿಲ್ಲ. ಅವತ್ತು ಇರ್ಲಿಲ್ಲ. ನಾನು ಕಿತ್ತಿದ್ದೆ. ನೀರು ಚೆನ್ನಾಗಿ ಬೀಳ್ಲಿ ಅಂತ. ನೀವು ಒರೆಸಿದ್ರಿ ಭಾವ. ನಿಮ್ಮ ನೆನಪು ಸರಿಯಾಗೇ ಇದೆ."

ಭಾವ ಆ ಹನಿಯನ್ನೇ ನೋಡುತ್ತಿದ್ದರು. ಬೆರಳು ಒಡ್ಡಿ ಒಂದನ್ನು ಹಿಡಿದರು.

"ಒರೆಸಿದ್ದೆ" ಎಂದರು. ಆಮೇಲೆ ಜೋರಾಗಿ, ಅಕ್ಕನ ಕಡೆ ತಿರುಗಿ, "ಒರೆಸಿದ್ದೆ ಕಣೇ! ಹಸಿರು ಟವೆಲ್! ಹೇಳ್ಲಿಲ್ವಾ ನಾನು?" ನಗುತ್ತಿದ್ದರು, ಮೂಗಿನಿಂದ ನೀರು ಸುರಿಯುತ್ತಿತ್ತು. ನನ್ನ ಮೇಲೆ ಒಂದು ಚೂರೂ ಸಿಟ್ಟಿಲ್ಲ. ತಲೆ ಸವರಿದರು. "ಅಯ್ಯೋ ಗುಂಡುಸೂಜಿ, ಎಂಥ ಒಳ್ಳೆ ಸುದ್ದಿ ತಂದೆ!" ಶಾಲೆಗೆ ಫೋನ್ ಮಾಡುತ್ತೇನೆ, ಇನ್ನೂ ಯಾರನ್ನೂ ಇಟ್ಟುಕೊಂಡಿರಲಿಕ್ಕಿಲ್ಲ ಎಂದು ಮೊಬೈಲ್ ತೆಗೆಯಲು ಹೋಗಿ ಬೀಳಿಸಿದರು. ಹೆಕ್ಕಿಕೊಂಡು ಒಳಗೆ ಓಡಿದರು.

ನಾನು ಪಂಪು ಹಾಕಿದೆ. ವಾಲ್ವ್ ಸಿಕ್ಕಿಸಿದೆ. ನೆಲ ಒರೆಸಿದೆ.

ಅಕ್ಕ ಗುಂಡಿಯ ಡಬ್ಬಿಯ ಮುಚ್ಚಳ ಹಾಕಿದಳು. "ಯಾವಾಗ ಗೊತ್ತಾಯ್ತು ನಿನಗೆ?"

"ಅವತ್ತೇ."

"ಅವತ್ತೇ ಅಂದ್ರೆ?"

"ನಿನ್ನ ಬಟ್ಟೆ ತಗೊಂಡು ಹೋಗೋಕೆ ಬಂದಾಗ."

ಒಳಗೆ ಭಾವ ಫೋನಿನಲ್ಲಿ ಯಾರಿಗೋ ಹಸಿರು ಟವೆಲ್ಲಿನ ಕಥೆ ಹೇಳುತ್ತಿದ್ದರು.

"ಕೈ ಮುರಿದಿದ್ದಕ್ಕೆ ನನಗೆ ಕೋಪ ಇಲ್ಲ" ಎಂದಳು. "ಮೂಳೆ, ಕೂಡಿಕೊಳ್ಳುತ್ತೆ. ಈ ಮನುಷ್ಯನಿಗೆ ನಾನು ಇಷ್ಟು ದಿನ ಏನೇನು ಅಂದೆ ಗೊತ್ತಾ? ನೀನಿಲ್ಲದಾಗ ಏನೇನು ಅಂದೆ? ಅದನ್ನೆಲ್ಲ ನನ್ನ ಬಾಯಲ್ಲಿ ನೀನು ಅನ್ನಿಸಿದೆ. ಈಗ ಅದನ್ನ ಎಲ್ಲಿ ತಗೊಂಡು ಹೋಗಿ ಹಾಕ್ಲಿ ಹೇಳು."

ನನ್ನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

ಭಾವ ಹೊರಗೆ ಬಂದರು. ಅಕ್ಕ ಅವರ ಕಡೆ ನೋಡಿದಳು, ನನ್ನ ಕಡೆ ಅಲ್ಲ. "ಹೇಳಿ ನಿಮ್ಮ ನಾದಿನಿಗೆ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗ್ಲಿ."


ಏಪ್ರಿಲ್ 2

ಪುಟ್ಟಿಯ ಮೆಸೇಜು. ಒಂದೇ. "ಅವತ್ತು ನಾನು ಅಪ್ಪನಿಗೆ ಅನ್ನುವಾಗ ನೀವು ಪಕ್ಕದಲ್ಲೇ ನಿಂತಿದ್ರಿ ಚಿಕ್ಕಮ್ಮ."

ಹೌದು. ನಿಂತಿದ್ದೆ.


ಏಪ್ರಿಲ್ 19, ಶುಕ್ರವಾರ

ಬರೆಯಲು ಏನಿದೆ? ಗಾಜು ಉಜ್ಜಿದೆ. ಮನೆಗೆ ಬಂದೆ. ಮೀನಿಗೆ ಹಾಕಿದೆ.

ಇವತ್ತು ಭಾವ ಬಂದಿದ್ದರು. ವ್ಯಾನ್ ಅಂಗಡಿಯ ಮುಂದೆ ನಿಲ್ಲಿಸಿದ್ದರು, ಮಕ್ಕಳನ್ನು ಇಳಿಸಿ ಬಂದ ಖಾಲಿ ವ್ಯಾನ್. ಕೆಲಸ ಉಳಿಯಿತು. ಮೀನೂ ಉಳಿದವು. ಹೆಡ್‌ಮಾಸ್ಟರ್ ಇನ್ನಷ್ಟು ದಪ್ಪಗಾಗಿದೆಯಂತೆ. ಪೈಪು ಬಿಕ್ಕಳಿಸುತ್ತಲೇ ಇದೆ, ಅಭ್ಯಾಸವಾಗಿದೆ, ಮುಟ್ಟಬೇಡ ಎಂದರು.

"ಅಕ್ಕ?"

ಸ್ಟೂಲಿನ ಮೇಲೆ ಕೂತು ಟೋಪಿ ತಿರುಗಿಸುತ್ತಾ ಇದ್ದರು. "ಪ್ಲಾಸ್ಟರ್ ತೆಗೀತಾರೆ ಬರೋ ವಾರ. ನನ್ನ ಜೊತೆ ಚೆನ್ನಾಗಿದ್ದಾಳೆ. ತುಂಬಾ ಚೆನ್ನಾಗಿದ್ದಾಳೆ. ನಿನ್ನೆ ಸಾರಿನ ಪಾತ್ರೆ ಪೂರ್ತಿ ಬೀಳಿಸಿದೆ. ಏನೂ ಅನ್ನಲಿಲ್ಲ ಕಣಮ್ಮ. 'ಪರವಾಗಿಲ್ಲ ಬಿಡಿ' ಅಂದಳು." ಟೋಪಿ ತಿರುಗಿಸುವುದನ್ನು ನಿಲ್ಲಿಸಿ, "ಬೈದಿದ್ರೆ ಮನೆ ಅನ್ನಿಸ್ತಿತ್ತು."

ಕಾಫಿ ಲೋಟದ ಕಥೆಯನ್ನೂ ಅಲ್ಲಿ ಈಗ ಯಾರೂ ಹೇಳುವುದಿಲ್ಲವಂತೆ.

ಅವರ ಮನೆಯಿಂದ ನಾನು ತೆಗೆದುಕೊಂಡು ಹೋದದ್ದು ಅದು. ವಾಪಸ್ ಕೊಡುವ ದಾರಿ ಗೊತ್ತಿಲ್ಲ.

ಹೋಗುವಾಗ "ಬಾ ಒಂದ್ಸಲ" ಎಂದರು. "ಕರೆದಳಾ?" ಎಂದೆ. ಸುಳ್ಳು ಹೇಳಲು ಬರದ ಮನುಷ್ಯ. ಟೋಪಿ ಹಾಕಿಕೊಂಡು ಹೊರಟರು.


ಮೇ 4, ಶನಿವಾರ. ಮಧ್ಯಾಹ್ನ

ಗಾಜು ಉಜ್ಜುವ ಮಿಷನ್ ಓಡುತ್ತಿದೆ. ಗಾಜಿನ ಅಂಚು ಸವೆಯುವವರೆಗೆ ಬರೆಯುತ್ತೇನೆ.

ಈಗ ಮಾಲೀಕರು ಕಿಂಡಿಯಿಂದ ಒಂದು ಫ್ರೇಮು ಮತ್ತು ನಂಬರಿನ ಚೀಟಿ ಚಾಚಿದರು. "ನಿಮ್ಮಕ್ಕ ಬಂದಿದ್ದಾರೆ. ಒಳಗೆ ಬನ್ನಿ ಅಂದೆ. ಬೇಡ, ಇಲ್ಲೇ ಕೂತಿರ್ತೀನಿ ಅಂದ್ರು. ಕಾದು ತಗೊಂಡು ಹೋಗ್ತಾರಂತೆ."

ಅಕ್ಕನ ಬೀದಿಯಲ್ಲೇ ಎರಡು ಕನ್ನಡಕದ ಅಂಗಡಿಗಳಿವೆ. ಇಲ್ಲಿಗೆ ಬರಲು ಬಸ್ಸು ಹತ್ತಬೇಕು, ಒಂದೇ ಕೈಯಲ್ಲಿ ಕಂಬಿ ಹಿಡಿದು ನಿಲ್ಲಬೇಕು.

ಹತ್ತಿರದ ನೋಟದ ನಂಬರ್ ಜಾಸ್ತಿಯಾಗಿದೆ. ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಾಳೆ ಎಂದಾಯಿತು. ಕಿಂಡಿಯಿಂದ ಅವಳ ಅರ್ಧ ಮಾತ್ರ ಕಾಣುತ್ತದೆ. ತೆಳ್ಳಗಾಗಿದ್ದಾಳೆ. ಬಲಗೈ ಮಡಿಲಲ್ಲಿದೆ. ಗಾಜು ಒರೆಸುವ ಬಟ್ಟೆಯೊಂದನ್ನು ಆ ಕೈಯಲ್ಲೇ ಮಡಚಲು ನೋಡುತ್ತಿದ್ದಾಳೆ. ಬೆರಳು ಪೂರ್ತಿ ಮುಚ್ಚುವುದಿಲ್ಲ. ಜಾರುತ್ತದೆ. ಮತ್ತೆ ಎತ್ತಿಕೊಳ್ಳುತ್ತಾಳೆ.

ಒಂದು ಸಲವೂ ಈ ಕಡೆ ನೋಡಿಲ್ಲ.

ಗಾಜು ಕೂರಿಸಿದೆ. ಸ್ಕ್ರೂ ಬಿಗಿದೆ. ಒರೆಸಿದೆ. ಮತ್ತೆ ಒರೆಸಿದೆ.

ಇನ್ನು ಮುಖಕ್ಕೆ ಹಾಕಿ ನೋಡಬೇಕು. ಎದುರಿಗೆ ಕೂತು, ಕಿವಿಯ ಹಿಂದೆ ಬೆರಳಿಟ್ಟು, ಕಡ್ಡಿ ಬಗ್ಗಿಸಬೇಕು. "ಇಲ್ಲಿ ಒತ್ತುತ್ತಾ?" ಎಂದು ಕೇಳಬೇಕು. ಅದಕ್ಕೆ ಉತ್ತರವನ್ನು ಯಾರ ಕೈಯಲ್ಲೂ ಹೇಳಿಕಳಿಸಲಾಗುವುದಿಲ್ಲ. ಒತ್ತುತ್ತದೆ ಎನ್ನಬೇಕು, ಇಲ್ಲ ಎನ್ನಬೇಕು. ನನಗೇ ಹೇಳಬೇಕು. ಏನೂ ಹೇಳದೆಯೂ ಇರಬಹುದು.

ಮಾಲೀಕರು ಕೈ ಚಾಚಿದ್ದಾರೆ. "ಕೊಡಮ್ಮ, ನಾನೇ ಹಾಕಿ ನೋಡ್ತೀನಿ."

ಬೇಡ ಸಾರ್ ಎಂದೆ. ಏಪ್ರನ್ ಬಿಚ್ಚಿದೆ. ಅಕ್ಕ ಈಗ ಬಟ್ಟೆಯನ್ನು ಪಕ್ಕಕ್ಕಿಟ್ಟು, ಎದುರಿನ ಸ್ಟೂಲನ್ನು ಎಡಗೈಯಿಂದ ತನ್ನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಾಳೆ.